ಸಿಲಿಂಡರ್ ನಿಧಾನ ಆಯ್ತಾ? ರೆಗ್ಯುಲೇಟರ್ ತಿರುಗಿಸುವ ಮೊದಲು ಗಾಳಿಯ ದಾರಿ ನೋಡಿ

"ಸಿಲಿಂಡರ್ ನಿಧಾನ ಆಯ್ತು, ಪ್ರೆಶರ್ ಸ್ವಲ್ಪ ಏರಿಸಿ." ಗಾಳಿಯಿಂದ ನಡೆಯುವ ಯಂತ್ರದ ಹತ್ತಿರ ಕೆಲಸ ಮಾಡಿದವರೆಲ್ಲ ಈ ಮಾತು ಕೇಳಿರುತ್ತಾರೆ. ಇಲ್ಲಿ ಸಿಲಿಂಡರ್ ಅಂದರೆ ಅಡುಗೆ ಅನಿಲದ್ದಲ್ಲ. ಒಳಗೆ ಬಂದ ಗಾಳಿ ಪಿಸ್ಟನ್ ಎಂಬ ಬಿಲ್ಲೆಯನ್ನು ತಳ್ಳಿ, ಅದಕ್ಕೆ ಸೇರಿದ ರಾಡನ್ನು ಹೊರಗೆ ಒಳಗೆ ಓಡಿಸುವ ಕೊಳವೆ. ಹೊಸದರಲ್ಲಿ ನಾನೂ ಹೀಗೇ ಒತ್ತಡ ಹೊಂದಿಸುವ ರೆಗ್ಯುಲೇಟರ್‌ನ ನಾಬ್ ತಿರುಗಿಸುತ್ತಿದ್ದೆ. ಒಮ್ಮೆ ಎಷ್ಟು ತಿರುಗಿಸಿದರೂ ಪ್ರಯೋಜನ ಆಗಲಿಲ್ಲ. ಕೊನೆಗೆ ನೋಡಿದರೆ, ಗಾಳಿ ಹೊರಗೆ ಹೋಗುವ ಸೈಲೆನ್ಸರ್ ಎಣ್ಣೆ, ಧೂಳು ತುಂಬಿ ಕಟ್ಟಿಕೊಂಡಿತ್ತು.

ಬಲ ಬರುವುದು ಒತ್ತಡದಿಂದ. ವೇಗ ಬರುವುದು ಮುಖ್ಯವಾಗಿ ಗಾಳಿಯ ಹರಿವಿನಿಂದ. ಇಷ್ಟನ್ನು ನೆನಪಿಟ್ಟುಕೊಂಡು, ಕಂಪ್ರೆಸರ್‌ನಿಂದ ಹೊರಟು ಗಾಳಿಯ ಹಿಂದೆಯೇ ನಡೆಯೋಣ.

1. ಕಂಪ್ರೆಸರ್‌ನ ಪ್ಲೇಟ್ ಓದಿ

ಅದರ ಮೇಲೆ ಮುಖ್ಯವಾಗಿ ಎರಡು ಸಂಖ್ಯೆ ಇರುತ್ತವೆ. ಒಂದು ಒತ್ತಡ, ಬಾರ್ ಅಥವಾ ಪಿಎಸ್‌ಐ ಲೆಕ್ಕದಲ್ಲಿ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಇನ್ನೊಂದು ಹರಿವು, ನಿಮಿಷಕ್ಕೆ ಇಷ್ಟು ಲೀಟರ್ ಅಥವಾ ಇಷ್ಟು ಸಿಎಫ್‌ಎಂ ಎಂದು. 1 ಸಿಎಫ್‌ಎಂ ಎಂದರೆ ನಿಮಿಷಕ್ಕೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಹರಿವನ್ನು ಸಾಮಾನ್ಯವಾಗಿ ಹೊರಗಿನ ಬಿಡುಗಾಳಿಯ ಲೆಕ್ಕದಲ್ಲಿ ಹೇಳುತ್ತಾರೆ, ಒತ್ತಿ ತುಂಬಿದ ಗಾಳಿಯದ್ದಲ್ಲ.

ಒತ್ತಡದ ಮೀಟರ್ ಬಯಲಿನಲ್ಲಿ ಸೊನ್ನೆ ತೋರಿಸುತ್ತದೆ. ಆದರೆ ಅಲ್ಲಿ ವಾತಾವರಣದ ಒತ್ತಡ ಸುಮಾರು 1 ಬಾರ್ ಇದ್ದೇ ಇರುತ್ತದೆ. ಹಾಗಾಗಿ ಮೀಟರ್ 6 ಬಾರ್ ತೋರಿಸಿದರೆ ನಿಜವಾದ ಒತ್ತಡ ಸುಮಾರು 7 ಬಾರ್. ಅಂದರೆ ಒಂದು ಲೀಟರ್ ಜಾಗದಲ್ಲಿ ಏಳು ಲೀಟರ್ ಬಿಡುಗಾಳಿ ಕುಳಿತಿದೆ. ಈ ಏಳರ ಲೆಕ್ಕ ಮುಂದೆ ಮತ್ತೆ ಬೇಕಾಗುತ್ತದೆ.

ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದು ಟ್ಯಾಂಕ್‌ನಲ್ಲಿ ತಣಿದಾಗ ಅದರೊಳಗಿನ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಕೆಳಗಿನ ಡ್ರೈನ್ ಕಾಕ್ ಇರುವುದು ಆ ನೀರು ಬಿಡುವುದಕ್ಕೆ.

2. ಎಫ್‌ಆರ್‌ಎಲ್ ಹುಡುಕಿ

ಯಂತ್ರಕ್ಕೆ ಗಾಳಿ ಸೇರುವ ಕಡೆ ಒಂದರ ಪಕ್ಕ ಒಂದು ಕೂರಿಸಿದ ಭಾಗಗಳಿವು: ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್. ಫಿಲ್ಟರ್ ಧೂಳನ್ನೂ ನೀರಿನ ಹನಿಗಳನ್ನೂ ಹಿಡಿಯುತ್ತದೆ. ರೆಗ್ಯುಲೇಟರ್ ಒತ್ತಡವನ್ನು ಇಳಿಸಿ ಒಂದೇ ಮಟ್ಟದಲ್ಲಿ ಇಡುತ್ತದೆ. ಏರಿಸುವ ಶಕ್ತಿ ಅದಕ್ಕಿಲ್ಲ. ಲೈನಿನಲ್ಲಿ 5 ಬಾರ್ ಮಾತ್ರ ಇದ್ದರೆ ನಾಬ್ ಎಷ್ಟು ತಿರುಗಿಸಿದರೂ 6 ಬರುವುದಿಲ್ಲ.

ಲೂಬ್ರಿಕೇಟರ್ ಗಾಳಿಗೆ ಎಣ್ಣೆ ಬೆರೆಸುತ್ತದೆ. ಈಗಿನ ಬಹಳಷ್ಟು ಸಿಲಿಂಡರ್‌ಗಳಿಗೆ ತಯಾರಿಸುವಾಗಲೇ ಗ್ರೀಸ್ ಹಾಕಿರುತ್ತಾರೆ, ಎಣ್ಣೆ ಬೇಡ. ಆದರೆ ಒಮ್ಮೆ ಎಣ್ಣೆ ಕೊಡಲು ಶುರು ಮಾಡಿದರೆ ನಿಲ್ಲಿಸುವಂತಿಲ್ಲ. ಒಳಗಿನ ಗ್ರೀಸನ್ನು ಆ ಎಣ್ಣೆ ತೊಳೆದುಬಿಟ್ಟಿರುತ್ತದೆ.

3. ವಾಲ್ವ್‌ನ ಹೆಸರು ಬಿಡಿಸಿ

ಸಿಲಿಂಡರ್‌ನ ಯಾವ ಬದಿಗೆ ಗಾಳಿ ಹೋಗಬೇಕು ಎಂದು ದಾರಿ ಬದಲಿಸುವುದು ವಾಲ್ವ್. ಅದರ ಮೇಲೆ 5/2 ಎಂದು ಬರೆದಿದ್ದರೆ ಅದನ್ನು ಭಿನ್ನರಾಶಿ ಅಂದುಕೊಳ್ಳಬೇಡಿ. ಐದು ಪೋರ್ಟ್ (ಗಾಳಿ ಹೋಗಿ ಬರುವ ಬಾಯಿ), ವಾಲ್ವ್ ನಿಲ್ಲುವ ಎರಡು ಸ್ಥಾನ, ಅಷ್ಟೇ. 1ನೇ ಪೋರ್ಟ್‌ಗೆ ಗಾಳಿ ಬರುತ್ತದೆ. 2 ಮತ್ತು 4 ಸಿಲಿಂಡರ್‌ಗೆ ಹೋಗುತ್ತವೆ. 3 ಮತ್ತು 5ರಿಂದ ಬಳಸಿದ ಗಾಳಿ ಹೊರಗೆ ಬರುತ್ತದೆ. ನನ್ನನ್ನು ಸತಾಯಿಸಿದ ಸೈಲೆನ್ಸರ್ ಕೂತಿದ್ದು ಇಲ್ಲೇ.

4. ಸಿಲಿಂಡರ್‌ನ ಅಳತೆ ಓದಿ

ಮೈಮೇಲೆ 50×100 ಎಂದಿದೆ ಅನ್ನೋಣ. ಮೊದಲನೆಯದು ಬೋರ್, ಅಂದರೆ ಒಳಗಿನ ವ್ಯಾಸ, 50 ಮಿ.ಮೀ. ಹೊರಗಿನಿಂದ ಟೇಪ್ ಹಿಡಿದು ಅಳೆದರೆ ಅದು ಸಿಗುವುದಿಲ್ಲ. ಎರಡನೆಯದು ಸ್ಟ್ರೋಕ್, ಅಂದರೆ ರಾಡ್ ಎಷ್ಟು ದೂರ ಚಲಿಸುತ್ತದೆ ಎಂಬುದು, 100 ಮಿ.ಮೀ.

ಬಲಕ್ಕೆ ಬೇಕಾಗಿರುವುದು ಬೋರ್ ಮಾತ್ರ. ಒತ್ತಡವನ್ನು ಪಿಸ್ಟನ್‌ನ ವಿಸ್ತೀರ್ಣದಿಂದ ಗುಣಿಸಿ. 50 ಮಿ.ಮೀ. ಬೋರ್‌ಗೆ ವಿಸ್ತೀರ್ಣ ಸುಮಾರು 1,963 ಚದರ ಮಿ.ಮೀ. 6 ಬಾರ್ ಎಂದರೆ ಒಂದು ಚದರ ಮಿ.ಮೀ.ಗೆ 0.6 ನ್ಯೂಟನ್. ಗುಣಿಸಿದರೆ ಸುಮಾರು 1,178 ನ್ಯೂಟನ್, ಅಂದರೆ 120 ಕಿಲೋ ಎತ್ತುವಷ್ಟು ಬಲ. ಬೋರ್ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆದರೆ ಇದು ಕಾಗದದ ಮೇಲಿನ ಲೆಕ್ಕ. ಸೀಲ್‌ಗಳ ಉಜ್ಜಾಟ ಸ್ವಲ್ಪ ತಿನ್ನುತ್ತದೆ, ಆದ್ದರಿಂದ ಕೊಂಚ ದೊಡ್ಡದನ್ನೇ ಆರಿಸಿ.

ಒಳಗೆ ಎಳೆಯುವಾಗ ಬಲ ಕಡಿಮೆ. ಪಿಸ್ಟನ್‌ನ ಆ ಬದಿಯಲ್ಲಿ ರಾಡ್ ಜಾಗ ತಿಂದಿರುತ್ತದೆ ಅಲ್ವಾ? ರಾಡ್ 20 ಮಿ.ಮೀ. ದಪ್ಪ ಇದ್ದರೆ ಎಳೆಯುವ ಬಲ ಸುಮಾರು 990 ನ್ಯೂಟನ್‌ಗೆ ಇಳಿಯುತ್ತದೆ.

ಎರಡೂ ಕಡೆಯಿಂದ ಗಾಳಿ ತೆಗೆದುಕೊಳ್ಳುವುದು ಡಬಲ್ ಆಕ್ಟಿಂಗ್. ಒಂದೇ ಕಡೆ ಗಾಳಿ ತೆಗೆದುಕೊಂಡು, ವಾಪಸ್ಸಿಗೆ ಸ್ಪ್ರಿಂಗ್ ನಂಬಿಕೊಂಡಿರುವುದು ಸಿಂಗಲ್ ಆಕ್ಟಿಂಗ್, ಅದಕ್ಕೆ 3/2 ವಾಲ್ವ್ ಸಾಕು. ಪಿಸ್ಟನ್ ತುದಿಗೆ ಹೋಗಿ ದಡ್ ಅಂತ ಬಡಿಯದಂತೆ ತಡೆಯುವುದು ಕುಷನ್.

ಈಗ ಏಳರ ಲೆಕ್ಕ. ಈ ಸಿಲಿಂಡರ್ ಒಮ್ಮೆ ಹೊರಗೆ ಬರಲು ಒಳಗಿನ ಜಾಗ ಸುಮಾರು 0.2 ಲೀಟರ್. ಏಳರಿಂದ ಗುಣಿಸಿದರೆ 1.4 ಲೀಟರ್ ಬಿಡುಗಾಳಿ. ವಾಪಸ್ ಹೋಗುವಾಗ ರಾಡ್ ಜಾಗ ತಿನ್ನುವುದರಿಂದ ಸ್ವಲ್ಪ ಕಡಿಮೆ, ಅದೂ ಸೇರಿ ಸುಮಾರು 2.5 ಲೀಟರ್. ನಿಮಿಷಕ್ಕೆ 20 ಸಲ ಓಡಿದರೆ 50 ಲೀಟರ್, ಹತ್ತಿರ ಹತ್ತಿರ 1.8 ಸಿಎಫ್‌ಎಂ. ಕಂಪ್ರೆಸರ್ ಸಾಕಾಗುತ್ತದೋ ಇಲ್ಲವೋ ಎಂದು ನೋಡುವುದು ಹೀಗೆ.

5. ವೇಗ ಹೊಂದಿಸಿ

ಸಿಲಿಂಡರ್‌ನ ಪೋರ್ಟ್ ಹತ್ತಿರ ಸ್ಕ್ರೂ ಇರುವ ಪುಟ್ಟ ಫಿಟ್ಟಿಂಗ್ ಫ್ಲೋ ಕಂಟ್ರೋಲ್. ಡಬಲ್ ಆಕ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಒಳಗೆ ಬರುವ ಗಾಳಿಯನ್ನು ಸಲೀಸಾಗಿ ಬರಲು ಬಿಟ್ಟು, ಹೊರಗೆ ಹೋಗುವ ಗಾಳಿಯನ್ನು ಬಿಗಿಹಿಡಿಯುತ್ತಾರೆ. ಆಗ ಓಟ ಜರ್ಕ್ ಇಲ್ಲದೆ ಇರುತ್ತದೆ. ರಾಡ್ ಹೊರಗೆ ಬರುವಾಗ ಗಾಳಿ ಹೊರಟುಹೋಗುವುದು ರಾಡ್ ಇರುವ ಬದಿಯಿಂದ. ಅಂದರೆ ರಾಡ್ ಹೊರಗೆ ಬರುವ ವೇಗ ಹೊಂದಿಸಲು ರಾಡ್ ಕಡೆಯ ಸ್ಕ್ರೂ ತಿರುಗಿಸಬೇಕು. ಇದು ಉಲ್ಟಾ ಅನ್ನಿಸಿ ತುಂಬಾ ಜನ ತಪ್ಪು ಸ್ಕ್ರೂ ತಿರುಗಿಸಿ ತಲೆ ಕೆರೆದುಕೊಳ್ಳುತ್ತಾರೆ.

ಹಾಗಾದರೆ ಸಿಲಿಂಡರ್ ನಿಧಾನವಾದಾಗ ಏನು ಮಾಡಬೇಕು? ಅದು ಓಡುತ್ತಿರುವಾಗಲೇ ರೆಗ್ಯುಲೇಟರ್‌ನ ಮೀಟರ್ ನೋಡಿ. ನಿಂತಾಗ 6 ತೋರಿಸಿ ಓಡುವಾಗ 4ಕ್ಕೆ ಬೀಳುತ್ತಿದ್ದರೆ ಗಾಳಿಯ ಪೂರೈಕೆಯೇ ಸಾಲುತ್ತಿಲ್ಲ. ಫಿಲ್ಟರ್ ಕಟ್ಟಿದೆಯೇ, ಪೈಪ್ ಸಣ್ಣದೇ, ಎಲ್ಲಾದರೂ ಲೀಕ್ ಇದೆಯೇ ನೋಡಿ. ಮುಳ್ಳು ಅಲುಗಾಡದಿದ್ದರೆ ತೊಂದರೆ ಮುಂದಿನ ದಾರಿಯಲ್ಲಿದೆ: ಮಡಿಚಿಕೊಂಡ ಟ್ಯೂಬ್, ಬಿಗಿಯಾದ ಸ್ಕ್ರೂ, ಇಲ್ಲವೇ ಕಟ್ಟಿದ ಸೈಲೆನ್ಸರ್.

ಏನೇ ಬಿಚ್ಚುವ ಮೊದಲು ಯಂತ್ರದ ಕರೆಂಟ್ ಆರಿಸಿ, ಲೈನ್ ಮುಚ್ಚಿ, ಒಳಗಿನ ಗಾಳಿ ಪೂರ್ತಿ ಬಿಡಿ. ಮೀಟರ್ ಸೊನ್ನೆಗೆ ಬಂದರೂ ಸಿಲಿಂಡರ್‌ನೊಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಸಿಲಿಂಡರ್ ಭಾರ ಎತ್ತಿ ಹಿಡಿದಿದ್ದರೆ, ಗಾಳಿ ಬಿಡುವ ಮೊದಲೇ ಆ ಭಾರಕ್ಕೆ ಕೆಳಗಿನಿಂದ ಆಸರೆ ಕೊಡಿ.