ಶಾಲೆ ಬಿಡುವ ಅಂಚಿನಲ್ಲಿರುವ ಮಕ್ಕಳನ್ನು ಕೆಲಸಕ್ಕೆ ಅಣಿಗೊಳಿಸುವುದು ಹೇಗೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಳ್ಳಿಯ ಪ್ರೌಢಶಾಲೆಯ ಹಾಜರಿ ಪುಸ್ತಕ ತೆರೆದರೆ ಹೊಲದ ಹಂಗಾಮು ಅದರಲ್ಲೇ ಕಾಣುತ್ತದೆ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದಾಗ ಒಂದಿಷ್ಟು ಗೈರು, ಹತ್ತಿ ಬಿಡಿಸುವ ಕಾಲಕ್ಕೆ ಇನ್ನಷ್ಟು, ದೀಪಾವಳಿ ಕಳೆದು ಮನೆಮಂದಿ ಬೆಂಗಳೂರಿಗೆ ಗುಳೆ ಹೊರಟ ಮೇಲೆ ತಿಂಗಳುಗಟ್ಟಲೆ ಖಾಲಿ. ಹೀಗೆ ಬಿಟ್ಟು ಬಿಟ್ಟು ಬರುವ ಮಕ್ಕಳಲ್ಲಿ ಹಲವರು ಒಂಬತ್ತನೆಯ ಅಥವಾ ಹತ್ತನೆಯ ತರಗತಿಯಲ್ಲಿ ಬರುವುದನ್ನೇ ನಿಲ್ಲಿಸುತ್ತಾರೆ. 2009ರ ಕಡ್ಡಾಯ ಶಿಕ್ಷಣ ಕಾಯ್ದೆಯ ರಕ್ಷಣೆ ಇರುವುದು 6ರಿಂದ 14 ವರ್ಷದವರೆಗೆ. ಅಲ್ಲಿಂದ 18 ತುಂಬುವವರೆಗಿನ ನಾಲ್ಕು ವರ್ಷ ಈ ಮಕ್ಕಳನ್ನು ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ.

ಇಂಥ ಮಕ್ಕಳಿಗೆ ‘ಓದು, ಓದು’ ಎಂದು ಹೇಳುವುದರಿಂದ ಏನೂ ಆಗುವುದಿಲ್ಲ. ‘ಓದು ಹತ್ತಲಿಲ್ಲ, ಯಾವುದಾದರೂ ಕೆಲಸಕ್ಕೆ ಹಚ್ಚಿರಿ’ ಎಂದು ಕೈಬಿಡುವುದಂತೂ ಇನ್ನೂ ಕೆಟ್ಟದ್ದು. ಹತ್ತನೆಯ ತರಗತಿ ದಾಟಿಸುವುದನ್ನೂ ಕೆಲಸ ಕಲಿಸುವುದನ್ನೂ ಒಟ್ಟಿಗೇ ನಡೆಸಬೇಕು. ಶಾಲೆಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರು, ಊರಿನ ಓದಿದ ಯುವಕ ಯುವತಿಯರು ಸೇರಿದರೆ ಇದನ್ನು ಒಂದು ಶೈಕ್ಷಣಿಕ ವರ್ಷದಲ್ಲಿ ಮಾಡಬಹುದು.

ಜೂನ್: ಯಾರು ಹೋಗುವಂತಿದ್ದಾರೆ ಎಂದು ಗುರುತಿಸಿ

ಹಿಂದಿನ ವರ್ಷದ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಎಂಟು, ಒಂಬತ್ತು, ಹತ್ತನೆಯ ತರಗತಿಯ ಪ್ರತಿ ಮಗುವಿನ ಗೈರನ್ನು ತಿಂಗಳುವಾರು ಬರೆಯಿರಿ. ಒಟ್ಟು ಗೈರಿಗಿಂತ ಅದು ಯಾವ ತಿಂಗಳಲ್ಲಿ ಬಿದ್ದಿದೆ ಎಂಬುದು ಮುಖ್ಯ. ಅಕ್ಟೋಬರ್‌ನಿಂದ ಜನವರಿಯವರೆಗೆ ಗುಂಪಾಗಿ ಗೈರಾಗಿದ್ದರೆ ಕೂಲಿ ಅಥವಾ ಗುಳೆ. ವಾರಕ್ಕೊಂದೇ ದಿನ, ಅದೂ ಸಂತೆಯ ದಿನ ತಪ್ಪುತ್ತಿದ್ದರೆ ಮನೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಇರಬಹುದು. ಹುಡುಗಿಯೊಬ್ಬಳು ದಿಢೀರನೆ ಎರಡು ವಾರ ಬಾರದಿದ್ದರೆ ಮದುವೆ ಮಾತುಕತೆ ನಡೆಯುತ್ತಿದೆಯೇ ಎಂದು ಅಂದೇ ವಿಚಾರಿಸಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಿ ಬೇಕು. 220 ದಿನ ತರಗತಿ ನಡೆದರೆ 165 ದಿನ ಬಂದಿರಬೇಕು. ತಪ್ಪಿಸಬಹುದಾದ ದಿನ 55 ಮಾತ್ರ. ಈ ಲೆಕ್ಕವನ್ನು ಮಗುವಿಗೂ ಮನೆಯವರಿಗೂ ಜೂನ್‌ನಲ್ಲೇ ಹೇಳಿರಬೇಕು. ಜನವರಿಯಲ್ಲಿ ಹೇಳಿದರೆ ಅದು ಬೆದರಿಕೆಯಂತೆ ಕೇಳಿಸುತ್ತದೆ.

ಜೊತೆಗೆ ನಾಲ್ಕನೆಯ ತರಗತಿಯ ಕನ್ನಡ ಪಾಠದ ಒಂದು ಪುಟ ಓದಿಸಿ ನೋಡಿ. ಒಬ್ಬೊಬ್ಬರನ್ನೇ ಕರೆದು, ಬೇರೆ ಮಕ್ಕಳಿಲ್ಲದ ಕಡೆ ಓದಿಸಬೇಕು. ಸರಾಗವಾಗಿ ಓದಲು ಬಾರದ ಮಗು ಪ್ರೌಢಶಾಲೆಯಲ್ಲಿ ದಿನವಿಡೀ ಅವಮಾನ ನುಂಗಿಕೊಂಡು ಕೂತಿರುತ್ತದೆ. ಶಾಲೆ ಬಿಡುವುದಕ್ಕೆ ಬಡತನದಷ್ಟೇ ದೊಡ್ಡ ಕಾರಣ ಇದು, ನಮ್ಮ ಕಣ್ಣಿಗೆ ಕಡಿಮೆ ಬೀಳುವ ಕಾರಣವೂ ಹೌದು. ಅಂಥವರಿಗೆ ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸುವ ಏರ್ಪಾಡು ಮೊದಲು ಆಗಬೇಕು.

ಮನೆಗೆ ಹೋದಾಗ ಮಾತು ಎಲ್ಲಿಂದ ಶುರು

ಸಂಜೆ ಏಳರ ನಂತರ ಹೋಗಿ. ಹಗಲಲ್ಲಿ ಹೋದರೆ ಮನೆಯಲ್ಲಿ ಅಜ್ಜಿ ಮಾತ್ರ ಸಿಗುತ್ತಾರೆ. ಶಿಕ್ಷಣದ ಮಹತ್ವದ ಭಾಷಣ ಬೇಡ. ‘ಅಕ್ಕಾರ, ನಿಮ್ಮ ಹುಡುಗ ವರ್ಷದಾಗ ಎಷ್ಟು ದಿನ ಕೂಲಿಗೆ ಹೊಕ್ಕಾನ್ರಿ?’ ಎಂದು ಕೇಳಿ. ದಿನಕ್ಕೆ 300 ರೂಪಾಯಿಯಂತೆ 100 ದಿನ ಕೆಲಸ ಸಿಕ್ಕರೆ ವರ್ಷಕ್ಕೆ 30,000 ರೂಪಾಯಿ. ಈ ಹಣ ಯಾವ ತಿಂಗಳಲ್ಲಿ ಬರುತ್ತದೆ, ಯಾವ ಸಾಲಕ್ಕೆ ಹೋಗುತ್ತದೆ ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಆ ಹಣದ ಜಾಗಕ್ಕೆ ಏನು ತುಂಬಬಹುದು ಎಂಬುದೇ ಮುಂದಿನ ಮಾತು: ವಿದ್ಯಾರ್ಥಿವೇತನ, ಹಾಸ್ಟೆಲ್ ಸೇರಿದರೆ ಉಳಿಯುವ ಊಟದ ಖರ್ಚು, ತಂದೆ ಅಥವಾ ತಾಯಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಮಕ್ಕಳ ಓದಿಗೆ ಸಿಗುವ ಸಹಾಯಧನ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವ ಎಷ್ಟೋ ಮಂದಿ ಈ ಕಾರ್ಡ್ ಮಾಡಿಸಿರುವುದಿಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರ ದೃಢೀಕರಣ ಇದಕ್ಕೆ ಬೇಕು.

ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಿದ್ದಾರೆಯೇ ಎಂದು ಮೆತ್ತಗೆ ಕೇಳಿ ತಿಳಿಯಿರಿ. ಮುಂಗಡದ ಲೆಕ್ಕದಲ್ಲಿ ಮಗುವಿನ ದುಡಿಮೆಯೂ ಸೇರಿದ್ದರೆ ಎಷ್ಟು ಬುದ್ಧಿ ಹೇಳಿದರೂ ಆ ಮಗು ಉಳಿಯುವುದಿಲ್ಲ. ಇಡೀ ಮನೆ ಗುಳೆ ಹೊರಡುವುದೇ ಖಚಿತವಾದರೆ ದಸರಾ ರಜೆಗೆ ಮೊದಲೇ ಹಾಸ್ಟೆಲ್ ಸೀಟು ಅಥವಾ ಋತುಮಾನ ವಸತಿ ವ್ಯವಸ್ಥೆಗಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೆಸರುಗಳ ಪಟ್ಟಿ ಕೊಡಬೇಕು. ಲಾರಿ ಹತ್ತುವ ವಾರ ಓಡಾಡಿದರೆ ಸೀಟು ಇರುವುದಿಲ್ಲ.

ಜುಲೈ: ಕಾಗದಪತ್ರ ಸರಿಮಾಡಿಸಿ

ಬೇಸರದ ಕೆಲಸ, ಆದರೆ ಮಕ್ಕಳು ಅತಿ ಹೆಚ್ಚು ಕಳೆದುಹೋಗುವುದು ಇಲ್ಲಿಯೇ. ಹತ್ತನೆಯ ತರಗತಿ ಪಾಸಾಗಿ ಐಟಿಐ ಬಾಗಿಲವರೆಗೆ ಬಂದ ಹುಡುಗ ಹೆಸರಿನ ಒಂದು ಅಕ್ಷರದ ವ್ಯತ್ಯಾಸಕ್ಕೆ ವಾಪಸು ಹೋಗಿ, ಮುಂದಿನ ವಾರ ಗಾರೆ ಕೆಲಸದಲ್ಲಿರುತ್ತಾನೆ.

ಮೊದಲು ಶಾಲಾ ದಾಖಲಾತಿ, ಆಧಾರ್, ಜಾತಿ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶಾಲೆಯಲ್ಲಿ ‘ಹುಲಿಗೆಮ್ಮ’, ಆಧಾರ್‌ನಲ್ಲಿ ‘ಹುಲಗಮ್ಮ’. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು. ಹುಟ್ಟಿದ ದಿನ ಗೊತ್ತಿಲ್ಲದೆ ಶಾಲೆಯಲ್ಲಿ ಜೂನ್ 1 ಎಂದು ಬರೆಸಿರುತ್ತಾರೆ, ಆಧಾರ್‌ನಲ್ಲಿ ಜನವರಿ 1 ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸುವುದು ತಿಂಗಳುಗಳ ಅಲೆದಾಟ. ಆದ್ದರಿಂದ ಒಂಬತ್ತನೆಯ ತರಗತಿಯಲ್ಲೇ, ಪರೀಕ್ಷೆಯ ನೋಂದಣಿಗೆ ಮೊದಲೇ ಹೊಂದಿಸಿ.

ಆಧಾರ್‌ನ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಮತ್ತೊಮ್ಮೆ ನವೀಕರಿಸಲೇಬೇಕು. ಎರಡನೆಯದನ್ನು ಬಹಳ ಮಂದಿ ಮಾಡಿಸಿರುವುದಿಲ್ಲ. ಪ್ರವೇಶದ ದಿನ ಬೆರಳಿಟ್ಟಾಗ ಯಂತ್ರ ಒಪ್ಪುವುದಿಲ್ಲ.

ಆಮೇಲೆ ಬ್ಯಾಂಕ್ ಖಾತೆ. 10 ವರ್ಷ ದಾಟಿದ ಮಗುವಿನ ಹೆಸರಿನಲ್ಲಿ, ಆ ಮಗುವೇ ನಡೆಸುವಂತೆ ಖಾತೆ ತೆರೆಯಲು ಅವಕಾಶವಿದೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟರೆ ಸಾಲದು, ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ಆಧಾರ್ ಮೂಲಕ ಗುರುತಿಸುವ ಎನ್‌ಪಿಸಿಐ ಜೋಡಣೆಯೂ ಆಗಿರಬೇಕು. ವಿದ್ಯಾರ್ಥಿವೇತನ ಮಂಜೂರಾಗಿ ಹಣ ಬಾರದಿದ್ದರೆ ಹೆಚ್ಚಿನ ಸಲ ಇದೇ ತೊಡಕೆಂದು ತಿಳಿದು ಬ್ಯಾಂಕಿಗೆ ಹೋಗಿ ಕೇಳಿ. ಹಳೆಯ, ಬಳಸದ ಇನ್ನೊಂದು ಖಾತೆಗೆ ಜೋಡಣೆಯಾಗಿದ್ದರೆ ಹಣ ಅಲ್ಲಿಗೇ ಹೋಗಿರುತ್ತದೆ.

ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ತಾರೀಖು ನೋಡಿ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿರುವ ಮೀಸಲಾತಿಗೆ ಬೇರೆಯದೇ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಫಲಿತಾಂಶ ಬಂದ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಈಗಲೇ ಅರ್ಜಿ ಹಾಕಿಸಿ. ಎಲ್ಲದರ ಎರಡೆರಡು ನಕಲು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಮಗುವಿನ ಬಳಿಯೇ ಇರಲಿ. ಮೂಲ ಪ್ರತಿಗಳನ್ನು ಯಾವ ಮಾಲೀಕರಿಗೂ ಏಜೆಂಟರಿಗೂ ಕೊಡಬಾರದೆಂದು ಹೇಳಿಕೊಡಿ.

ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ

ಕೆಲಸದ ತರಬೇತಿ ಎಂದೊಡನೆ ಒಂದು ದಿನದ ಶಿಬಿರ, ಬ್ಯಾನರ್, ಪ್ರಮಾಣಪತ್ರ ನೆನಪಾಗುತ್ತದೆ. ಅದರಿಂದ ಯಾವ ಕೈಗೂ ಕಸುಬು ಬರುವುದಿಲ್ಲ. ಜುಲೈ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ವಾರಕ್ಕೆರಡು ದಿನ ಪಟ್ಟು ಹಿಡಿದು ನಡೆಸಿ. ಗುಂಪಿನಲ್ಲಿ 12ರಿಂದ 15 ಮಕ್ಕಳು ಸಾಕು. ಹಿಂದುಳಿದವರನ್ನಷ್ಟೇ ಆರಿಸಿದರೆ ‘ದಡ್ಡರ ಕ್ಲಾಸು’ ಎಂಬ ಹೆಸರು ಬೀಳುತ್ತದೆ, ಚೆನ್ನಾಗಿ ಓದುವ ನಾಲ್ಕೈದು ಮಕ್ಕಳೂ ಇರಲಿ. ಶಾಲೆ ಬಿಟ್ಟ ಕೂಡಲೇ ಶುರುಮಾಡಿ, ಕತ್ತಲಾಗುವ ಮೊದಲು ಮುಗಿಸಿ. ಕತ್ತಲಾದರೆ ಎರಡನೆಯ ವಾರಕ್ಕೆ ಹುಡುಗಿಯರು ಇರುವುದಿಲ್ಲ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ವೈರಿಂಗ್ ಎಂದು ಹಂಚಬೇಡಿ. ಎಲ್ಲರೂ ಎಲ್ಲವನ್ನೂ ಮುಟ್ಟಲಿ.

ಒಂದೂವರೆ ಗಂಟೆಯಲ್ಲಿ ಮೊದಲ 20 ನಿಮಿಷ ಓದು, 40 ನಿಮಿಷ ಕೈಕೆಲಸ, ಕೊನೆಯ 30 ನಿಮಿಷ ಅದೇ ಕೆಲಸದಿಂದ ಹುಟ್ಟಿದ ಲೆಕ್ಕ. ಬೇಕಾದ ಸಾಮಾನು ಕಡಿಮೆ: 5 ಮೀಟರ್‌ನ ನಾಲ್ಕು ಟೇಪು, ದಾರ, ಸೀಮೆಸುಣ್ಣ, ತಕ್ಕಡಿ, ಒಂದು ಹೊಲಿಗೆ ಯಂತ್ರ, ಸೆಲ್, ಪುಟ್ಟ ಬಲ್ಬ್ ಮತ್ತು ಸ್ವಿಚ್ಚು ಕೂರಿಸಿದ ಹಲಗೆ. ಮನೆಯ ಕರೆಂಟನ್ನು ಮಕ್ಕಳು ಬಿಚ್ಚಿ ನೋಡುವುದು ಖಂಡಿತ ಬೇಡ.

ಟೇಪಿನಿಂದ ಆರಂಭಿಸಿ. ಕಟ್ಟಡದವರು ಅಡಿ ಎನ್ನುತ್ತಾರೆ, ಬಳ್ಳಾರಿಯ ಜೀನ್ಸ್ ಹೊಲಿಯುವವರು ಇಂಚು ಎನ್ನುತ್ತಾರೆ, ಕಬ್ಬಿಣದ ಕಾರ್ಖಾನೆಯಲ್ಲಿ ಎಲ್ಲವೂ ಮಿಲಿಮೀಟರ್. ಒಂದು ಇಂಚು ಅಂದರೆ 25.4 ಮಿ.ಮೀ. ತರಗತಿಯ ಬಾಗಿಲನ್ನು ಮೂರರಲ್ಲೂ ಅಳೆದು ಬರೆಯಲಿ. ಇಂಚಿನ ಎಂಟನೇ ಒಂದು ಭಾಗದ ಗೆರೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಭಿನ್ನರಾಶಿ ಅರ್ಥವಾಗದೇ ಇರುವುದು ಅಲ್ಲಿ ಬಯಲಾಗುತ್ತದೆ, ಅಲ್ಲಿಯೇ ಕಲಿಸಿ.

ಎರಡನೆಯ ವಾರ ಅಂಗಳದಲ್ಲಿ ಮನೆಯ ಪಾಯದ ಗುರುತು ಹಾಕಿಸಿ. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವಂತೆ ದಾರ ಸರಿಸಿದರೆ ಮೂಲೆ ಕಾಟಕೋನ, ಅಂದರೆ ಲಂಬಕೋನವಾಗುತ್ತದೆ. ಗಾರೆಯವರು ನಿತ್ಯ ಮಾಡುವ ಈ ಕೆಲಸವೇ ಹತ್ತನೆಯ ತರಗತಿಯ ಪೈಥಾಗೊರಸ್ ಪ್ರಮೇಯ. 9, 16, 25 ಎಂದು ಕೂಡಿಸಿ ತೋರಿಸಿದಾಗ, ಗಣಿತಕ್ಕೆ ಹೆದರುತ್ತಿದ್ದ ಮಗು ಪರೀಕ್ಷೆಯ ಒಂದು ಪ್ರಶ್ನೆಯನ್ನು ತನ್ನದು ಮಾಡಿಕೊಳ್ಳುತ್ತದೆ.

ಹೀಗೆಯೇ ಮುಂದುವರಿಯಿರಿ. 50 ಕೆ.ಜಿ. ಸಿಮೆಂಟ್ ಚೀಲದ ಅಳತೆ ಸುಮಾರು 35 ಲೀಟರ್, 1:6 ಕಲಸಿದರೆ ಮರಳು 210 ಲೀಟರ್: ಇದು ಅನುಪಾತ. ಕ್ವಿಂಟಲ್ ಭತ್ತಕ್ಕೆ 2,400 ರೂಪಾಯಿಯಾದರೆ 75 ಕೆ.ಜಿ. ಚೀಲಕ್ಕೆ 1,800. ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ 1,089 ಚದರಡಿ. 40 ಗುಂಟೆಗೆ ಎಕರೆ. 60 ವ್ಯಾಟ್ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 18 ಯೂನಿಟ್. ಇದರ ಜೊತೆಗೇ ವಿಜ್ಞಾನದ ವಿದ್ಯುತ್ ಪಾಠ ಮಾಡಿ.

ಓದಿನ 20 ನಿಮಿಷಕ್ಕೆ ಕೂಲಿ ಚೀಟಿ, ಕಾರ್ಖಾನೆಯ ಎಚ್ಚರಿಕೆ ಫಲಕ, ಕೀಟನಾಶಕದ ಡಬ್ಬಿಯ ಮೇಲಿನ ಬರಹ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಕೆಲಸದ ಜಾಗದ ಮಾತುಗಳನ್ನೂ ಜೋರಾಗಿ ಆಡಿಸಿ ರೂಢಿ ಮಾಡಿಸಬೇಕು: ‘ಸರ್, ಇದು ನನಗ ತಿಳಿಲಿಲ್ಲ, ಇನ್ನೊಮ್ಮೆ ಹೇಳ್ರಿ’, ‘ನಾಳೆ ಬರಾಕ ಆಗಲ್ರಿ, ಕಾರಣ ಇದು’, ‘ಬರೆದಿಲ್ಲದ ಕಾಗದಕ್ಕ ಸಹಿ ಹಾಕಲ್ರಿ’. ತಿಳಿಯದಿದ್ದರೂ ತಲೆಯಾಡಿಸುವ ಅಭ್ಯಾಸದಿಂದಲೇ ಹೊಸಬರಿಗೆ ಪೆಟ್ಟಾಗುವುದು ಹೆಚ್ಚು.

ನಿಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯಿಂದ ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿಪರ ವಿಷಯ ಇದ್ದರೆ ಇಂಥ ಮಕ್ಕಳನ್ನು ಅದಕ್ಕೇ ಸೇರಿಸಿ.

ಕೆಲಸದ ಜಾಗ ತೋರಿಸುವುದು

ಹತ್ತು ಮಕ್ಕಳ ಗುಂಪು, ಎರಡು ಗಂಟೆ, ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಬೂಟು, ಜಡೆ ಕಟ್ಟಿ, ದುಪಟ್ಟಾ ಸಿಕ್ಕಿಸಿ. ಸಿಂಧನೂರು, ಕಾರಟಗಿ, ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲು, ಬಳ್ಳಾರಿಯ ಜೀನ್ಸ್ ಘಟಕ, ಬಸ್ ಡಿಪೊ, ಎಲ್ಲವೂ ಆದೀತು. ಗಿರಣಿಯಲ್ಲಿ ಚೀಲ ಹೊರುವವರನ್ನು ಮಕ್ಕಳು ಮೊದಲೇ ನೋಡಿರುತ್ತಾರೆ. ಬಾಯ್ಲರ್ ನೋಡಿಕೊಳ್ಳುವವರು, ಎಲೆಕ್ಟ್ರಿಷಿಯನ್, ಫಿಟ್ಟರ್, ತೂಕದ ಗುಮಾಸ್ತ, ಇವರ ಜೊತೆ ಮಾತಾಡಿಸಿ. ಏನು ಓದಿದಿರಿ, ಪಗಾರ ಎಷ್ಟು, ಗಾಯವಾದರೆ ಯಾರು ನೋಡುತ್ತಾರೆ ಎಂದು ಮಕ್ಕಳೇ ಕೇಳಲಿ. ಬಾಯ್ಲರ್ ನಡೆಸಲು ಸರ್ಕಾರದ ಅರ್ಹತಾ ಪತ್ರ ಬೇಕು ಎಂದು ಆ ಮನುಷ್ಯನ ಬಾಯಿಂದ ಬಂದರೆ, ಹತ್ತನೆಯ ತರಗತಿ ಏಕೆ ಬೇಕೆಂದು ನಾವು ವಿವರಿಸಬೇಕಾಗಿಲ್ಲ.

ನೋಡುವುದಕ್ಕೂ ದುಡಿಯುವುದಕ್ಕೂ ಇರುವ ಗಡಿ ಮೀರಬಾರದು. 14 ತುಂಬದವರು ಕೂಲಿಗೆ ಹೋಗುವಂತಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಸ್ವಂತ ಮನೆತನದ ಕೆಲಸಕ್ಕೆ ನೆರವಾಗಬಹುದಷ್ಟೇ. 14ರಿಂದ 18ರವರು ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳ ಹತ್ತಿರ ಹೋಗುವಂತಿಲ್ಲ. ಸಂಡೂರಿನ ಅದಿರು, ಕಬ್ಬಿಣದ ಕುಲುಮೆ, ಜೀನ್ಸ್‌ಗೆ ರಾಸಾಯನಿಕ ಹಾಕಿ ಒಗೆಯುವ ಕೆಲಸಗಳಿಂದ ದೂರವಿಡಿ. ಉಳಿದ ಕಡೆಯೂ ಸತತ ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ, ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ.

ಮುಂದೆ ಎಲ್ಲಿಗೆ

ನವೆಂಬರ್‌ನಿಂದ ಕೈಕೆಲಸ ನಿಲ್ಲಿಸಿ ಪರೀಕ್ಷೆಯ ಓದಿಗೆ ಸಮಯ ಕೊಡಿ. ಜನವರಿಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ದಾರಿ ಬರೆದಿರಬೇಕು: ಪಾಸಾದರೆ ಏನು, ಆಗದಿದ್ದರೆ ಏನು.

ಪಾಸಾದವರಿಗೆ ಪಿಯು, ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ, ಐಟಿಐ ಇವೆ. ಹೊಸಪೇಟೆ, ಲಿಂಗಸುಗೂರಿನಲ್ಲಿ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕೇಂದ್ರಗಳಿವೆ. ಯಂತ್ರದ ಕೆಲಸದಲ್ಲಿ ಆಸಕ್ತಿ ಇರುವವರನ್ನು ಒಮ್ಮೆ ಕರೆದೊಯ್ದು ತೋರಿಸಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಕೋರ್ಸು, ಹತ್ತು ಪಾಸಾಗಿರಬೇಕು. ಫೇಲಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಫಲಿತಾಂಶದ ಮರುದಿನವೇ ಅವರ ಮನೆಗೆ ಹೋಗಿ. ಆ ವಾರ ತಪ್ಪಿದರೆ ಮಗು ಊರಲ್ಲಿರುವುದಿಲ್ಲ. ವೆಲ್ಡರ್, ಹೊಲಿಗೆಯಂಥ ಕೆಲವು ಐಟಿಐ ಕೋರ್ಸುಗಳಿಗೆ ಎಂಟನೆಯ ತರಗತಿ ಸಾಕಾಗುತ್ತದೆ, ಆ ವರ್ಷದ ಪ್ರವೇಶ ಪ್ರಕಟಣೆ ನೋಡಿಕೊಳ್ಳಿ.

ವಯಸ್ಸಿನಲ್ಲಿ ಮೋಸಹೋಗಬೇಡಿ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ, ಆದರೆ 18 ತುಂಬಿರಬೇಕು. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆಗೆ 15 ವರ್ಷದಿಂದ ಸೇರಬಹುದಾದರೂ 18 ಆಗದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಗಳು ಕಡಿಮೆ. 16ರ ಹುಡುಗನನ್ನು ಮೂರು ತಿಂಗಳ ತರಬೇತಿಗೆ ಕಳಿಸಿ ಮನೆಗೆ ವಾಪಸು ಕರೆಸುವುದಕ್ಕಿಂತ ಎರಡು ವರ್ಷದ ಐಟಿಐ ಮೇಲು; ಮುಗಿಸುವಾಗ ವಯಸ್ಸೂ ತುಂಬಿರುತ್ತದೆ.

ಐಟಿಐ ಸೇರಿಸಿ ಬಂದರೆ ಮುಗಿಯಲಿಲ್ಲ. ಅಲ್ಲಿ ಶೇ 80ರಷ್ಟು ಹಾಜರಿ ಬೇಕು. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಕೈಗೆ ಬರುವವರೆಗಿನ ದಿನಗಳ ಟಿಕೆಟ್ ಹಣವೇ ಭಾರವಾಗುತ್ತದೆ. ಎಸ್‌ಡಿಎಂಸಿ ಅಥವಾ ಊರಿನವರಿಂದ ಆ ಒಂದು ತಿಂಗಳ ಬಸ್ ಖರ್ಚು ಹೊಂದಿಸಿ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಮಗುವಿಗೆ ಫೋನ್ ಮಾಡಿ.

ಈಗಾಗಲೇ ಬಿಟ್ಟವರು

ಶಾಲೆ ಬಿಟ್ಟು ಒಂದೆರಡು ವರ್ಷವಾಗಿದ್ದರೂ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರಬಹುದು, ಮುಕ್ತ ಶಾಲೆಯ ದಾರಿಯೂ ಇದೆ. ಬಿಟ್ಟ ಶಾಲೆಯಿಂದ ಟಿಸಿ ಮತ್ತು ಸ್ಯಾಟ್ಸ್ ಸಂಖ್ಯೆ (ಮಗುವಿನ ಆನ್‌ಲೈನ್ ಶಾಲಾ ದಾಖಲೆಯ ಸಂಖ್ಯೆ) ಮೊದಲು ಪಡೆಯಿರಿ. ಇವರನ್ನೂ ವಾರದ ಗುಂಪಿಗೆ ಸೇರಿಸಿಕೊಳ್ಳಿ. ಹುಡುಗಿಗೆ 18ರೊಳಗೆ ಮದುವೆ ಗೊತ್ತಾಗಿದ್ದರೆ, ಅಥವಾ ಮಗು ಗಣಿಯಲ್ಲೋ ಕುಲುಮೆಯಲ್ಲೋ ದುಡಿಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಕಟ್ಟಬೇಕಿಲ್ಲ. ಜಾಗದ ಗುರುತು, ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಅಲ್ಲಿರುತ್ತಾರೆ, ಮದುವೆಯಾದರೆ ತಾರೀಖು ಮತ್ತು ಸ್ಥಳ, ಇಷ್ಟನ್ನು ಮೊದಲೇ ಬರೆದಿಟ್ಟುಕೊಂಡು ಹೇಳಿ.