ಸಣ್ಣ ಟ್ರಸ್ಟ್ ಕಟ್ಟಿ ಮಕ್ಕಳನ್ನು ಓದಿಸುವುದು ಹೇಗೆ: ಬ್ಯಾಗ್ ಹಂಚುವ ಮೊದಲು ಇದನ್ನು ಓದಿ

ನಾಲ್ಕು ಜನ ಗೆಳೆಯರು ಸೇರಿ, ತಿಂಗಳಿಗೆ ಇಷ್ಟು ಅಂತ ದುಡ್ಡು ಹಾಕಿ ಬಡ ಮಕ್ಕಳನ್ನು ಓದಿಸೋಣ ಅಂದುಕೊಂಡಾಗ ಮೊದಲು ನೆನಪಾಗುವುದು ನೋಟ್‌ಬುಕ್ಕು, ಬ್ಯಾಗು. ದಯವಿಟ್ಟು ಸ್ವಲ್ಪ ತಡೆಯಿರಿ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಯೂನಿಫಾರ್ಮು, ಶೂ, ಹಾಲು, ಬಿಸಿಯೂಟ, ಮೊಟ್ಟೆ ಅಥವಾ ಬಾಳೆಹಣ್ಣು ಎಲ್ಲವೂ ಪುಕ್ಕಟೆ. ಅದು ತಡವಾದರೆ ಎಸ್‌ಡಿಎಂಸಿಯವರ (ಶಾಲೆಯ ಉಸ್ತುವಾರಿ ಸಮಿತಿ) ಜೊತೆ ಹೋಗಿ ಕೇಳಿ, ನಿಮ್ಮ ದುಡ್ಡನ್ನು ಅದಕ್ಕೆ ಸುರಿಯಬೇಡಿ. ಜೂನ್‌ನಲ್ಲಿ ಒಂದೇ ಶಾಲೆಗೆ ಎರಡು ಮೂರು ಸಂಘದವರು ಬ್ಯಾಗ್ ಕೊಟ್ಟು ಬ್ಯಾನರ್ ಹಿಡಿದು ಹೋಗುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ?

ಸರ್ಕಾರದ ಯೋಜನೆ ಎಲ್ಲಿ ನಿಂತುಹೋಗುತ್ತದೋ ಅಲ್ಲಿ ಸಣ್ಣ ಟ್ರಸ್ಟಿನ ಕೆಲಸ ಶುರುವಾಗಬೇಕು ಅನ್ನುವುದು ನನ್ನ ಮಾತು. ಅದು ಗೊತ್ತಾಗಬೇಕಾದರೆ ಒಂದೇ ಜಾಗ ಹಿಡಿದುಕೊಳ್ಳಿ. ಬೆಂಗಳೂರಿನವರಾದರೆ ನಿಮ್ಮ ಏರಿಯಾದ ಆಚೆ ಕಟ್ಟಡ ಕೆಲಸದವರ ತಗಡಿನ ಶೆಡ್‌ಗಳಿರುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು ಜಾಸ್ತಿ. ಕೆಲಸಕ್ಕೆ ರಜೆ ಇರುವ ದಿನ ಹೋಗಿ. ಮೇಸ್ತ್ರಿಗೆ ಒಂದು ಮಾತು ಹೇಳಿ, ಆದರೆ ಮಾತಾಡುವುದು ಮಕ್ಕಳ ಅವ್ವಂದಿರ ಜೊತೆ. ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿರುತ್ತದೆ, ಮನೆಯ ಕಾಗದ ಪತ್ರವೆಲ್ಲ ಅದರಲ್ಲೇ. ತೋರಿಸುತ್ತೀರಾ ಅಂತ ಕೇಳಿ. ಆಧಾರ್ ಇರುತ್ತದೆ, ರೇಷನ್ ಕಾರ್ಡಿನ ಮಾಸಿದ ಜೆರಾಕ್ಸ್ ಇರುತ್ತದೆ, ಮಗುವಿನ ಟಿಸಿ, ಅಂದರೆ ಹಿಂದಿನ ಶಾಲೆ ಕೊಡುವ ವರ್ಗಾವಣೆ ಪತ್ರ, ಮಾತ್ರ ಇರುವುದಿಲ್ಲ.

ಟಿಸಿ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಸೀಟು ನಿರಾಕರಿಸುವಂತಿಲ್ಲ. ಹಾಗಂತ ಹೆಡ್‌ಮಾಸ್ಟರ್ ಮೇಜಿನ ಮೇಲೆ ಕಾಯ್ದೆ ಕುಟ್ಟಬೇಡಿ. ಊರಿನ ಶಾಲೆಗೆ ಫೋನ್ ಮಾಡಿ ಮಗುವಿನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಆ ಮಗುವಿನ ಗುರುತು ಸಂಖ್ಯೆ) ಕೇಳಿ ತಂದುಕೊಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ಸ್ಕಾಲರ್‌ಶಿಪ್. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು, ಹಣ ಬರಬೇಕಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಶಾಲೆ ದಾಖಲೆಯಲ್ಲಿ ಬರೀ ಇನಿಷಿಯಲ್. ಇದನ್ನು ಸರಿ ಮಾಡಿಸಲು ಯಾರಾದರೂ ಊರಿಗೆ ಹೋಗಿ ಬರಬೇಕಾಗುತ್ತದೆ, ಹೋದರೆ ಎರಡು ಮೂರು ದಿನದ ಕೂಲಿ ಹೋಯಿತು. ಆ ಕೂಲಿಯನ್ನು ಟ್ರಸ್ಟ್ ಕೊಡಲಿ. ತಾಯಿ ಹೋದರೆ 2023ರ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡೂ ಇಲ್ಲ. ಇಷ್ಟು ಕಡಿಮೆ ಖರ್ಚಿನಲ್ಲಿ ವರ್ಷವರ್ಷ ಬರುವ ಸ್ಕಾಲರ್‌ಶಿಪ್ಪಿಗೆ ದಾರಿಯಾಗುತ್ತದೆ ಅಂದರೆ ಇನ್ನೇನು ಬೇಕು?

ಅಪ್ಪ ಅಮ್ಮ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆಗಿದ್ದಾರಾ ಅಂತಲೂ ನೋಡಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ಮಕ್ಕಳ ಓದಿಗೆ ಅಲ್ಲಿಯೂ ಸಹಾಯಧನವಿದೆ. ರೇಷನ್ ವಿಷಯವೂ ಹಾಗೇ. ಕಾರ್ಡು ಊರಲ್ಲಿದ್ದರೂ ಬೆರಳು ಒತ್ತಿ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ತೆಗೆದುಕೊಳ್ಳಬಹುದು. ಗೊತ್ತಿಲ್ಲದೆ ಕಿರಾಣಿ ಅಂಗಡಿಯಲ್ಲಿ ಕೊಳ್ಳುವವರು ಇದ್ದಾರೆ.

ಇಷ್ಟೆಲ್ಲ ಆದಮೇಲೂ ಉಳಿಯುವ ಖರ್ಚು ನಿಮ್ಮದು. ಹುಡುಗರ ಬಸ್ ಪಾಸು, ಕನ್ನಡಕ, ಪಿಯು ಕಾಲೇಜಿನ ಫೀ, ಸಂಜೆ ಕೂತು ಓದಲು ದೀಪ ಇರುವ ಒಂದು ಬಾಡಿಗೆ ರೂಮು, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಅಕ್ಕನಿಗೆ ಸಂಬಳ. ಸಂಬಳ ಅಂದರೆ ಸಂಬಳವೇ, ಗೌರವಧನ ಅಂತ ಪುಡಿಗಾಸು ಕೊಟ್ಟರೆ ಮೂರು ತಿಂಗಳಿಗೆ ಬಿಟ್ಟುಹೋಗುತ್ತಾಳೆ. ಜೊತೆಗೆ ಒಂದು ಆಪದ್ಧನ ಇರಲಿ. ಅವ್ವ ಜ್ವರ ಬಂದು ಒಂದು ವಾರ ಮಲಗಿದರೆ ದೊಡ್ಡ ಮಗಳು ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಕೂರುತ್ತಾಳೆ. ಆ ವಾರದ ದುಡ್ಡನ್ನು ಅವ್ವನ ಖಾತೆಗೇ ಹಾಕಿ. "ಕೈಗೆ ಕಾಸು ಕೊಟ್ಟರೆ ಹಾಳು ಮಾಡುತ್ತಾರೆ" ಅನ್ನುವವರು ಟ್ರಸ್ಟಿನಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಮಾತು ಕೇಳಬೇಡಿ.

ಎಷ್ಟು ಮಕ್ಕಳು? ಕಡಿಮೆ. ಎಂಟನೇ ಕ್ಲಾಸಿನ ಹುಡುಗಿಯನ್ನು ಒಪ್ಪಿಕೊಂಡರೆ ಎರಡನೇ ಪಿಯುವರೆಗೆ ಐದು ವರ್ಷದ ಜವಾಬ್ದಾರಿ. ಇನ್ನೂರು ಜನಕ್ಕೆ ಒಂದು ಸಲ ಕೊಡುವುದಕ್ಕಿಂತ ಹತ್ತು ಜನರ ಐದು ವರ್ಷ ಮುಖ್ಯ. ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಕೂತಮೇಲೆ ಹೊಸ ಮಗುವಿಗೆ ಹೂಂ ಅನ್ನಿ. ದಸರಾ ರಜೆ, ಯುಗಾದಿ, ಊರ ಜಾತ್ರೆ ಮುಗಿದ ವಾರ ಹಾಜರಿ ನೋಡಲೇಬೇಕು. ಮಕ್ಕಳು ತಪ್ಪಿಹೋಗುವುದು ಆಗಲೇ. ಬಂದಿಲ್ಲವಾದರೆ ಅದೇ ವಾರ ಫೋನ್ ಮಾಡಿ.

ಇನ್ನು ಕಾಗದದ ಕೆಲಸ. ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ಸುಲಭದ ದಾರಿ. ಸಂಘ ಮಾಡುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಬೇಕು. ಟ್ರಸ್ಟಿನ ಹೆಸರಲ್ಲೇ ಪ್ಯಾನ್, ಟ್ರಸ್ಟಿನ ಹೆಸರಲ್ಲೇ ಖಾತೆ. ಯಾರದೋ ಸ್ವಂತ ಫೋನ್‌ಪೇ ನಂಬರಿಗೆ ದೇಣಿಗೆ ಬೇಡವೇ ಬೇಡ. 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ಮಾಡಿಸಿ, ಆದರೆ ತೆರಿಗೆ ಉಳಿಯುತ್ತದೆ ಅಂತ ಎಲ್ಲರಿಗೂ ಆಸೆ ತೋರಿಸಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಇಲ್ಲ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೂ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ ಕಲಂ ನಂಬರ್‌ಗಳನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಹೊರದೇಶದ ನೆಂಟರು ಕೊಡುತ್ತೇನೆ ಅಂದಾಗ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇಟ್ಟುಕೊಂಡ ಭಾವ ಕಳಿಸಿದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕೇ ಬೇಕು. ಅದರ ನೋಂದಣಿಗೆ ಟ್ರಸ್ಟಿಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಭಾವನ ದುಡ್ಡನ್ನು ಇಲ್ಲಿರುವ ನೆಂಟರ ಖಾತೆಗೆ ತರಿಸಿ ಅಲ್ಲಿಂದ ಟ್ರಸ್ಟಿಗೆ ಹಾಕಿಸುವ ಉಪಾಯ ಯಾರಾದರೂ ಹೇಳಿದರೆ ಬೇಡ ಅನ್ನಿ. ಭಾವನ ಮನೆಯಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಇನ್ನೂ ಇದ್ದರೆ, ಅವರು ತಮ್ಮ ಸ್ವಂತ ದುಡ್ಡಿನಿಂದ ಕೊಡಬಹುದು.

ದಾನಿಗಳು ಫೋಟೋ ಕೇಳುತ್ತಾರೆ. ಮಕ್ಕಳ ಫೋಟೋ ಬೇಡ. ಹೆಸರು ಮುಚ್ಚಿದ ಫೀ ರಶೀದಿ, ಬಸ್ ಪಾಸಿನ ಲೆಕ್ಕ, ರೂಮಿನ ಬಾಡಿಗೆ ಚೀಟಿ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಒಂದೇ ಸಲ ವಾಟ್ಸಾಪ್ ಮಾಡಿ. ಅಷ್ಟಕ್ಕೆ ಸಮಾಧಾನ ಆಗದವರ ದುಡ್ಡನ್ನು ವಾಪಸ್ ಕೊಟ್ಟುಬಿಡಿ.