ಬ್ಯಾಡಗಿಯ ಸಂಜೆ ಪಾಠಕ್ಕೆ ಮೊಬೈಲಿನಲ್ಲಿ ಸಿಕ್ಕಿದ್ದು

ಹಗಲೆಲ್ಲ ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸಿ, ಉರಿಯುವ ಕೈಯಲ್ಲೇ ಅಡುಗೆ ಮುಗಿಸಿ, ಆಮೇಲೆ ಅಕ್ಷರ ಕಲಿಯಲು ಬರುವ ಹೆಣ್ಣುಮಕ್ಕಳ ಮುಂದೆ ಅಂಗನವಾಡಿ ಮಕ್ಕಳ ಚಿತ್ರಪಾಠ ತೆರೆದಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ವಯಸ್ಕರ ಪಾಠಕ್ಕೆ ಅಂತರ್ಜಾಲದಲ್ಲಿ ಏನೇ ಸಿಕ್ಕರೂ, ಅದು ಅವರ ವಯಸ್ಸಿಗೆ ಮರ್ಯಾದೆ ಕೊಡುತ್ತದೆಯೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಕೇಂದ್ರ ಸರ್ಕಾರದ ಉಲ್ಲಾಸ್ ಆ್ಯಪ್ ಆ ಮಟ್ಟಿಗೆ ಸರಿಯಾಗಿದೆ. 15 ವರ್ಷ ದಾಟಿದ ಅನಕ್ಷರಸ್ಥರಿಗಾಗಿ 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮದ ಆ್ಯಪ್ ಅದು. ಕಲಿಯುವವರೂ ಕಲಿಸುವವರೂ ಅದರಲ್ಲಿ ಹೆಸರು ನೋಂದಾಯಿಸಬಹುದು. ಕೊನೆಗೆ ಓದು, ಬರಹ, ಲೆಕ್ಕಕ್ಕೆ ತಲಾ 50 ಅಂಕಗಳ ಪರೀಕ್ಷೆಯಿದೆ. ಪಾಸಾದವರಿಗೆ ಪ್ರಮಾಣಪತ್ರವೂ ಸಿಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಗಿದ್ದು ಮೊಬೈಲ್ ಕೀಲಿಮಣೆಯ ಮೈಕ್. ಭಾಷೆಯನ್ನು ಕನ್ನಡಕ್ಕೆ ಇಟ್ಟು ಮೈಕ್ ಒತ್ತಿ ಮಾತಾಡಿದರೆ, ಆಡಿದ್ದು ಅಕ್ಷರವಾಗಿ ಮೂಡುತ್ತದೆ. ಒಬ್ಬ ಅಕ್ಕ ಹೇಳಿದ್ದು, ‘ಬ್ಯಾಡಗಿ ಕಾಯಿಗೆ ಸುಕ್ಕು ಹೆಚ್ಚು, ಖಾರ ಕಡಿಮೆ.’ ಪರದೆಯ ಮೇಲೆ ಬಂದಿದ್ದು ‘ಸಿಕ್ಕು ಹೆಚ್ಚು’. ಅವರು ಕಣ್ಣು ಕಿರಿದಾಗಿಸಿ ನೋಡಿ, ‘ಅಕ್ಕಾ, ಇಲ್ಲಿ ಗುಡಿಸು ಬಂದಿದೆ, ಕೊಂಬು ಬರಬೇಕಲ್ಲ?’ ಎಂದರು. ಅಕ್ಷರ ಕಲಿಸುವ ಪುಸ್ತಕದ ಎಷ್ಟೋ ಪುಟಗಳು ಕಲಿಸದಿದ್ದುದನ್ನು ಆ ತಪ್ಪಕ್ಷರ ಕಲಿಸಿತು. ನಮ್ಮ ಕಡೆಯ ಮಾತನ್ನು ಯಂತ್ರ ಆಗಾಗ ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಆ ತಪ್ಪುಗಳನ್ನು ಹುಡುಕಿಸುವುದನ್ನೇ ನಾನು ಪಾಠ ಮಾಡಿಕೊಂಡಿದ್ದೇನೆ. ತನ್ನದೇ ಮಾತಾದ್ದರಿಂದ ಅರ್ಥ ಮೊದಲೇ ಗೊತ್ತು. ಉಳಿಯುವುದು ಅಕ್ಷರ ಗುರುತಿಸುವ ಕೆಲಸವಷ್ಟೇ. ತಿದ್ದಿದ ವಾಕ್ಯಗಳನ್ನು ದಪ್ಪ ಅಕ್ಷರದಲ್ಲಿ ಹಾಳೆಗಿಳಿಸಿ ಮನೆಗೆ ಕೊಟ್ಟು ಕಳಿಸುತ್ತೇನೆ.

ಓದಲು ಇನ್ನಷ್ಟು ಬೇಕೆಂದಾಗ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ಗೆ ಹೋಗುತ್ತೇನೆ. 2015ರಲ್ಲಿ ಶುರುವಾದ ಈ ತಾಣದಲ್ಲಿ ಕನ್ನಡದ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡವಾಗಿವೆ. ಮಕ್ಕಳಿಗಾಗಿ ಬರೆದವು, ನಿಜ. ಆದರೆ ಅವುಗಳ ಪರವಾನಗಿ ಮುಕ್ತವಾಗಿದೆ: ಬರೆದವರ ಹೆಸರು ಉಳಿಸಿಕೊಂಡು ಕಥೆಯನ್ನು ಬದಲಿಸಬಹುದು, ಅಲ್ಲಿನ ಚಿತ್ರಗಳಿಗೆ ನಮ್ಮದೇ ಮಾತು ಜೋಡಿಸಬಹುದು. ಸಂತೆಯ ಚಿತ್ರ ಆರಿಸಿ, ತೂಕ, ಚೀಲ, ಕೂಲಿ ಬರುವ ಸಣ್ಣ ಕಥೆಗಳನ್ನು ಎಲ್ಲರೂ ಕೂಡಿ ಕಟ್ಟಿದೆವು. ಡೌನ್‌ಲೋಡ್ ಮಾಡಿಟ್ಟುಕೊಂಡರೆ ಪಾಠದ ಹೊತ್ತಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಚಿಂತೆಯಿಲ್ಲ.

ಇಂಗ್ಲಿಷ್ ಎಂದಾಗ ನಾನು ಸಣ್ಣಕ್ಷರಗಳನ್ನು ಹಿಂದಿಟ್ಟು ದೊಡ್ಡಕ್ಷರಗಳಿಂದ ಆರಂಭಿಸುತ್ತೇನೆ. ಅಂಗಡಿ ಬೋರ್ಡು, ಮಾತ್ರೆ ಪಟ್ಟಿ ಎಲ್ಲದರಲ್ಲೂ ಹೆಚ್ಚಾಗಿ ಕಾಣುವುದು ಅವೇ. ಮಾತ್ರೆಯ ಪಟ್ಟಿ ಹಿಡಿದು ‘ಇ, ಎಕ್ಸ್, ಪಿ’ ಹುಡುಕಿ, ಪಕ್ಕದ ತಿಂಗಳು, ವರ್ಷ ಓದಿಸುತ್ತೇನೆ. ಅವಧಿ ಮುಗಿದ ಔಷಧಿಯನ್ನು ತಾವೇ ಗುರುತಿಸಬೇಕೆಂಬ ಹಟ ಅವರಲ್ಲೂ ಇದೆ.

ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣದ ಆರಂಭದ ಹಂತದ ಆಲಿಸುವ ಪಾಠಗಳು ಚೆನ್ನಾಗಿವೆ. ಆದರೆ ವಿವರಣೆಯೂ ಇಂಗ್ಲಿಷಿನಲ್ಲೇ ಇರುವುದರಿಂದ ನಮ್ಮ ಗುಂಪಿಗೆ ನೇರವಾಗಿ ದಕ್ಕುವುದಿಲ್ಲ. ಬಿಬಿಸಿಯ ಆರು ನಿಮಿಷದ ಇಂಗ್ಲಿಷ್ ಕಾರ್ಯಕ್ರಮ ಇನ್ನೂ ಮೇಲಿನ ಮಟ್ಟದ್ದು. ಇವೆರಡನ್ನೂ ಪಿಯುಸಿ ಮುಗಿಸಿದ ಸೊಸೆಯಂದಿರಿಗೆ ತೋರಿಸಿಕೊಟ್ಟೆ. ಅವರು ಕೇಳಿ ಕಲಿತು, ಒಂದೆರಡು ವಾಕ್ಯಗಳನ್ನು ಕನ್ನಡದಲ್ಲಿ ಬಿಡಿಸಿ ಅತ್ತೆಯರಿಗೆ ಹೇಳಿಕೊಡುತ್ತಾರೆ.